ಧ್ವಜದ ಬುಡದ ಕಲ್ಲು

ಆ ಕಲ್ಲಿನ ಮೇಲೆ ಅಕ್ಷರಗಳಿದ್ದವು. ನನಗೆ ಗೊತ್ತಿತ್ತು. ಗೊತ್ತಿದ್ದೂ, ವಯಸ್ಸಾದ ಗಂಡ ಹೆಂಡತಿಯ ಮುಂದೆ, ನನ್ನ ಮೂವತ್ತಾರು ಹುಡುಗಿಯರ ಮುಂದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದೆ — "ಕಲ್ಲಿನ ಮ್ಯಾಲ ನಿಮ್ಮ ಹೆಸರ ಬರದೈತೇನು?"

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಯಾಕೆಂದರೆ ಮುಂದೆ ಬರೆಯುತ್ತಾ ಹೋದರೆ ನನ್ನ ಹೊಗಳಿಕೆಯೇ ಜಾಸ್ತಿಯಾಗುತ್ತದೆ. ಅದು ನನ್ನ ಸ್ವಭಾವ, ಈ ವಯಸ್ಸಿಗೆ ಹೋಗುವಂಥದ್ದಲ್ಲ. ಹುಟ್ಟಿದ್ದು ಸಿಂದಗಿ ಕಡೆ. ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಆಟದ ಟೀಚರ್ ಆಗಿದ್ದೆ; ಶಾಲೆಯ ಗೈಡ್ಸ್ ದಳವೂ ನನ್ನ ಕೈಯಲ್ಲೇ ಇತ್ತು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನನ್ನ ಕೊರಳಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ ತೂಗುತ್ತಿದ್ದುದರಿಂದ ನಾನು ಸೀಟಿ ಅಕ್ಕೋರು. ನಿಜ ಹೆಸರು ಹೇಳಿದರೆ ಊರಲ್ಲಿ ಅರ್ಧ ಜನಕ್ಕೆ ಗುರುತೇ ಸಿಗುವುದಿಲ್ಲ.

ಹುಡುಗಿಯರನ್ನು ಊರ ಹೊರಗೆ ಡೇರೆ ಹಾಕಿ ಐದು ದಿನ ಇರಿಸುವ ಶಿಬಿರ ನಮ್ಮ ಭಾಗದಲ್ಲಿ ಆಗ ಯಾರೂ ಮಾಡುತ್ತಿರಲಿಲ್ಲ. ನಾನು ಮಾಡಿದೆ. ಮನೆ ಮನೆಗೆ ಹೋಗಿ, ಚಹಾ ಕುಡಿದು, ಅಪ್ಪಂದಿರ ಗೊಣಗಾಟ ಕೇಳಿ, "ನಿಮ್ಮ ಮಗಳ ಹೊಣಿ ನಂದು" ಎಂದು ಮಾತು ಕೊಟ್ಟು ಕರೆತಂದೆ. ಗಂಟು ಹಾಕುವುದು ಕಲಿಸಿದೆ, ಒಲೆ ಹೂಡುವುದು ಕಲಿಸಿದೆ, ದಿಕ್ಸೂಚಿ ಹಿಡಿದು ನೆಲ ಅಳೆಯುವುದು ಕಲಿಸಿದೆ. ಎರಡೂವರೆ ಅಡಿಯ ಹೆಜ್ಜೆ — ಹಗ್ಗ ಕಟ್ಟಿ, ನೂರು ಸಲ ನಡೆಸಿ, ಕಣ್ಣು ಮುಚ್ಚಿದರೂ ತಪ್ಪದಂತೆ ಮಾಡಿಸಿದ ಹೆಜ್ಜೆ. ಶಿಬಿರದಲ್ಲಿ ಎಲ್ಲಿಂದ ಏನು ತಂದೆವು, ಎಲ್ಲಿ ಗುಂಡಿ ತೋಡಿದೆವು, ಎಲ್ಲ ನನ್ನ ಪುಸ್ತಕದಲ್ಲಿ ನಕಾಶೆಯಾಗುತ್ತಿತ್ತು. ಉದ್ದ ಕಾಲಿನ ಶಹನಾಜ್ ಎಂಬ ಹುಡುಗಿ ಹೆಜ್ಜೆ ಹಾಕುವಳು, ನಾನು ಬರೆದುಕೊಳ್ಳುವೆ. ಅಂಥ ನಕಾಶೆ ಯಾವ ಶಾಲೆಯ ದಳದಲ್ಲೂ ನಾನು ನೋಡಿಲ್ಲ — ಇವತ್ತಿಗೂ ಇಲ್ಲ.

ಆ ವರ್ಷ ಪರೀಕ್ಷೆ ಮುಗಿದ ಮೇಲೆ ನಿಡಗುಂದಿಯ ಆಚೆ, ಹಿನ್ನೀರಿನ ದಂಡೆಯಲ್ಲಿ ಶಿಬಿರ ಹಾಕಿದೆವು. ಬೇಸಿಗೆಗೆ ನೀರು ಹಿಂದೆ ಸರಿದು, ಮುಳುಗಡೆಯಾದ ಊರೊಂದರ ಹೊಲಗದ್ದೆ ಬಯಲಾಗಿತ್ತು. ಒಡೆದ ಗೋಡೆ, ಕಲ್ಲು ಕಟ್ಟಿದ ಒಂದು ಬಾವಿ, ಬಿರುಕುಬಿಟ್ಟ ಕೆಸರು. ನನಗೆ ಅದು ಖಾಲಿ ಜಾಗ. ಒಳ್ಳೆಯ ಬಯಲು, ಯಾರದೂ ಅಲ್ಲದ್ದು — ಹಾಗಂತ ನಾನೇ ತೀರ್ಮಾನಿಸಿಕೊಂಡಿದ್ದೆ.

ಮೂರನೆಯ ದಿನ ಸಂಜೆ ಐದಕ್ಕೆ ಅಧಿಕಾರಿಯೊಬ್ಬರು ಶಿಬಿರ ನೋಡಲು ಬರುವವರಿದ್ದರು. ಬೆಳಿಗ್ಗೆ ನೋಡಿದರೆ ಧ್ವಜದ ಕಂಬ ವಾಲಿದೆ. ಸಡಿಲ ಮಣ್ಣು, ಹಿಡಿತವಿಲ್ಲ. ನಾಲ್ಕು ಹುಡುಗಿಯರನ್ನು ಕರೆದುಕೊಂಡು ಕೆಳಗಿನ ಬಯಲಿಗೆ ಇಳಿದೆ. ಬಾವಿಯಿಂದ ಸ್ವಲ್ಪ ದೂರದಲ್ಲಿ ಒಂದು ಚಪ್ಪಡಿ ಕಲ್ಲು ಮಲಗಿತ್ತು. ಒಂದು ಮೂಲೆ ಮುರಿದಿದ್ದರೂ ಗಟ್ಟಿ ಕಲ್ಲು. ಮೇಲೆ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಎತ್ತುವಾಗ ನನ್ನ ಹೆಬ್ಬೆರಳಿಗೆ ಕೊರೆದ ಗೆರೆಗಳು ತಾಗಿದವು. ಒಂದು ಸುತ್ತು, ಒಂದು ಕೊಂಬು — ಇಪ್ಪತ್ತು ವರ್ಷ ಹಲಗೆಯ ಮುಂದೆ ನಿಂತವಳಿಗೆ ಅಕ್ಷರ ಯಾವುದು, ಉಳಿಯ ಗುರುತು ಯಾವುದು ತಿಳಿಯುವುದಿಲ್ಲವೇ? ಸೆರಗಿನಿಂದ ಒಮ್ಮೆ ಒರೆಸಿದ್ದರೆ ಸಾಕಿತ್ತು.

ಒರೆಸಲಿಲ್ಲ. ಒರೆಸಿದರೆ ಅಲ್ಲೇ ಬಿಡಬೇಕಾದೀತು ಎಂದು — ಹೌದು, ಅದಕ್ಕೇ ಒರೆಸಲಿಲ್ಲ.

ಬಿದಿರಿನ ಚೌಕಟ್ಟಿಗೆ ಹಗ್ಗ ಬಿಗಿದು ಎಳೆದು ತಂದೆವು. ಕಂಬದ ಬುಡಕ್ಕೆ ಒತ್ತಿ ಇಟ್ಟೆವು — ಅಕ್ಷರದ ಮೈ ಕೆಳಗೆ, ನುಣುಪಿನ ಮೈ ಮೇಲೆ. ಕಂಬ ನೆಟ್ಟಗೆ ನಿಂತಿತು. ಕಲ್ಲಿಗೆ ಸುಣ್ಣ ಬಳಿದು ಹುಡುಗಿಯರು ರಂಗೋಲಿ ಹಾಕಿದರು. ಸುತ್ತ ಸುಣ್ಣದ ವೃತ್ತ; ಅದರೊಳಗೆ ಯಾರೂ ಕಾಲಿಡಬಾರದು.

ನಾಲ್ಕು ಗಂಟೆಯ ಹೊತ್ತಿಗೆ ಅವರಿಬ್ಬರು ಬಂದರು. ಹಗ್ಗ ಹೆಣೆದು ನಾವು ಮಾಡಿದ್ದ ಬಾಗಿಲಿನಿಂದಲ್ಲ. ಕೆಳಗಿನ ಬಯಲಿನಿಂದ, ಕಲ್ಲು ಎಳೆದ ಜಾಡು ಹಿಡಿದು, ಅಡುಗೆಯ ಡೇರೆಯ ಹಿಂದಿನಿಂದ ನುಗ್ಗಿಬಿಟ್ಟರು. ಗಂಡಸಿನ ತಲೆಗೆ ಬಿಳಿ ರುಮಾಲು. ಹೆಂಗಸಿನ ಕೈಯಲ್ಲಿ ಹಸಿರು ವಸ್ತ್ರದಲ್ಲಿ ಕಟ್ಟಿದ ಸ್ಟೀಲಿನ ಡಬ್ಬಿ. ಯಾರನ್ನೂ ಕೇಳದೆ ಸೀದಾ ಧ್ವಜದ ಕಡೆ ನಡೆದರು. ಹೆಂಗಸು ಸುಣ್ಣದ ಗೆರೆ ದಾಟಿ ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಏ, ಯಾರ್ರಿ ನೀವು? ಏಳ್ರಿ ಮ್ಯಾಲ!" ಎಂದೆ.

ಗಂಡಸು ಮೆತ್ತಗೆ ಹೇಳಿದ, "ಅಕ್ಕೋರ, ಇದು ನಮ್ಮ ಕಲ್ಲ್ರಿ. ಮೂಲಿ ಮುರದೈತಿ ನೋಡ್ರಿ. ನಮ್ಮ ಹೊಲದಾಗಿಂದು."

ಆಗ ನಾನು ಕೇಳಿದ್ದೇ ಆ ಮಾತು. ಕಲ್ಲಿನ ಮೇಲೆ ನಿಮ್ಮ ಹೆಸರು ಬರೆದಿದೆಯೇ ಎಂದು.

ಅವನು ಸಿಟ್ಟಾಗಲಿಲ್ಲ. "ನಮ್ಮ ಹೆಸರಲ್ರಿ ಅಕ್ಕೋರ, ಅದು ನಮ್ಮ —"

ಅಷ್ಟರಲ್ಲಿ ನಾನು ಸೀಟಿ ಊದಿದೆ.

ಮೂರು ಸಲ ಊದಿದರೆ ದಳ ಸುತ್ತುಗಟ್ಟಬೇಕು. ಮೂವತ್ತಾರು ಹುಡುಗಿಯರು ಕೋಲು ಹಿಡಿದು ಕಣ್ಣು ಮಿಟುಕಿಸುವುದರೊಳಗೆ ಸುತ್ತ ನಿಂತರು. ಒಬ್ಬಳ ಕೋಲೂ ಓರೆಯಾಗಿರಲಿಲ್ಲ. ಅವನ ದನಿ ಅದರಲ್ಲಿ ಮುಚ್ಚಿಹೋಯಿತು. ಹೆಂಗಸು ಎದ್ದಳು, ಅಂಗೈಗೆ ಹತ್ತಿದ ಸುಣ್ಣವನ್ನು ನೋಡಿಕೊಂಡಳು. ಇಬ್ಬರೂ ಬಂದ ದಾರಿಯಲ್ಲೇ ಹೋದರು. ನೀರು ಬೇಕೇ ಎಂದು ಕೂಡ ನಾನು ಕೇಳಲಿಲ್ಲ. ವೈರಿ ಬಂದರೂ ಒಂದು ತಂಬಿಗೆ ನೀರು ಕೊಡುವ ನೆಲದಲ್ಲಿ ಹುಟ್ಟಿದವಳು ನಾನು.

ಐದಕ್ಕೆ ಬಂದ ಅಧಿಕಾರಿ ಧ್ವಜದ ಕಟ್ಟೆಯನ್ನು ವಿಶೇಷವಾಗಿ ಮೆಚ್ಚಿದರು. ಆ ವರ್ಷದ ಉತ್ತಮ ಶಿಬಿರ ನಮ್ಮದಾಯಿತು.

ಕೊನೆಯ ದಿನದ ವಿಚಾರ ಇದಕ್ಕಿಂತ ಕೆಟ್ಟದ್ದು. ಶಿಬಿರ ಕಿತ್ತಾಗ ನಾವಿದ್ದ ಗುರುತು ಉಳಿಯಬಾರದು — ಇದು ನನ್ನ ನಿಯಮ. ಕಂಬ ಕಿತ್ತು ಕಲ್ಲು ಮಗುಚಿದರು. ಕೆಸರು ಉದುರಿ ಅರ್ಧ ಅಕ್ಷರ ಹೊರಗೆ ಬಂದಿತ್ತು.

ಶಹನಾಜ್ ಕೇಳಿದಳು, "ಅಕ್ಕೋರ, ಇದರ ಮ್ಯಾಲ ಏನೋ ಬರದಾರ್ರಿ?"

"ಸರ್ವೇದವರು ಗೀಚಿರ್ತಾರ. ಬದುವಿನ ಕಲ್ಲ ಅದು," ಎಂದೆ. ಅವಳು ನಂಬಿದಳು. ನಾನು ಹೇಳಿದ್ದನ್ನು ನನ್ನ ಹುಡುಗಿಯರು ನಂಬುತ್ತಿದ್ದರು. ಕಲ್ಲನ್ನು ಮತ್ತೆ ಕೆಳಗೆ ಹೊತ್ತೊಯ್ದರೆ — ಯಾಕೆ ಒಯ್ಯುತ್ತಿದ್ದೇವೆ ಎಂದು ಹುಡುಗಿಯರಿಗೆ ಹೇಳಬೇಕಿತ್ತು. ಆ ಇಬ್ಬರದೇ ನಿಜ ಎಂದು ಹೇಳಬೇಕಿತ್ತು. ಅಡುಗೆಯ ಕಸದ ಗುಂಡಿಗೆ ಹಾಕಿಸಿದೆ. ಶಹನಾಜಳೇ ಮಣ್ಣು ಎಳೆದು, ತುಳಿದು, ಸಮ ಮಾಡಿದಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅಲ್ಲಿ ಗುಂಡಿಯಿತ್ತು ಎಂದು ನನಗೇ ತಿಳಿಯುತ್ತಿರಲಿಲ್ಲ.

ಆಮೇಲೆ ಹನ್ನೊಂದು ವರ್ಷ ನಾನು ಈ ಕಥೆ ಹೇಳುತ್ತಾ ತಿರುಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ — ಎಲ್ಲಿ ಶಿಬಿರವಾದರೂ ನನ್ನ ಭಾಷಣ. ಶಿಬಿರಕ್ಕೆ ಅಪರಿಚಿತರು ನುಗ್ಗಿದರೆ ಏನು ಮಾಡಬೇಕು? ಮೂರು ಸೀಟಿ, ಒಂದು ಸುತ್ತು, ಮಾತಿಗೆ ಅವಕಾಶ ಕೊಡಬೇಡಿ. ಚಪ್ಪಾಳೆ ಬೀಳುತ್ತಿತ್ತು. ಕಲ್ಲಿನ ವಿಷಯ ಮಾತ್ರ ಕಥೆಯಲ್ಲಿ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅದೇ ಭಾಷಣಕ್ಕೆ ಮುದ್ದೇಬಿಹಾಳದ ಬಸ್ ಹತ್ತಿದೆ. ಕಂಡಕ್ಟರ್ ನಮ್ಮ ಶಹನಾಜ್! ಖಾಕಿ ಅಂಗಿ, ಹೆಗಲಿಗೆ ಚೀಲ, ತುಂಬಿದ ಬಸ್ಸಿನಲ್ಲಿ ಕಂಬ ಹಿಡಿಯದೆ ನಡೆಯುತ್ತಿದ್ದಳು. ನನಗೆ ಎದೆ ಉಬ್ಬಿತು. ಪಕ್ಕದಲ್ಲಿ ಕೂತವರಿಗೆಲ್ಲ "ನನ್ನ ಹುಡುಗಿ" ಎಂದು ತೋರಿಸಿದೆ. ನಿಡಗುಂದಿ ದಾಟಿದ ಮೇಲೆ ಹಿನ್ನೀರಿನ ಹತ್ತಿರ ಒಬ್ಬ ಮುದುಕಿ ಇಳಿದಳು. ಕೈಯಲ್ಲಿ ಹಸಿರು ವಸ್ತ್ರದಲ್ಲಿ ಕಟ್ಟಿದ ಸ್ಟೀಲಿನ ಡಬ್ಬಿ.

"ಪಾಪ, ನಿಂಬೆವ್ವ ಅಂತ್ರಿ. ಪ್ರತಿ ಬ್ಯಾಸಗಿ ಬರ್ತಾರ," ಎಂದಳು ಶಹನಾಜ್. "ಮುಳುಗಡಿ ಆಗೂಕಿಂತ ಮೊದಲ, ಮಗಳನ್ನ ಹೊಲದಾಗ ಮಣ್ಣು ಮಾಡಿದ್ರಂತ. ಮ್ಯಾಲಿನ ಹೆಸರಿನ ಕಲ್ಲ ಯಾರೋ ಒಯ್ದಾರ. ಈಗ ಜಾಗಾನ ಸಿಗವಲ್ದು. ಡಬ್ಯಾಗ ಸಿಹಿ ಮಾದಲಿ ತರ್ತಾರ್ರಿ, ಮಗಳಿಗೆ ಸೇರತಿತ್ತಂತ. ಎಲ್ಲಿ ಇಡಬೇಕೋ ತಿಳೀದ ವಾಪಸ್ ಒಯ್ತಾರ. ಎಂಥಾ ಮಂದಿ ಇರ್ತಾರ ನೋಡ್ರಿ ಅಕ್ಕೋರ."

ಮುದ್ದೇಬಿಹಾಳದಲ್ಲಿ ಇಳಿದು, ಹಾರ ಹಾಕಿಸಿಕೊಂಡು, ವೇದಿಕೆಯ ಮೇಲೆ ನಿಂತು — ಅದೇ ಕಥೆಯನ್ನು ಮತ್ತೊಮ್ಮೆ ಹೇಳಿದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಹೇಳಿದೆ. ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆ ಮುಗಿಯುವವರೆಗೆ ನಿಲ್ಲುವುದಕ್ಕೆ ನನಗೆ ಆಗಲಿಲ್ಲ.

ವಾಪಸ್ ಬರುವಾಗ ಅದೇ ಬಸ್ಸಿನಲ್ಲಿ ಶಹನಾಜಳಿಗೆ ಎಲ್ಲ ಹೇಳಿದೆ. ಅವಳು ಹೆಂಗಸರ ಶೂನ್ಯ ಟಿಕೆಟನ್ನು ಹರಿದು ನನ್ನ ಕೈಗೆ ಕೊಟ್ಟಳು. ಆಮೇಲೆ ಅಂದಳು, "ನನ್ನ ಕೈಲೇ ಮಣ್ಣು ಹಾಕಿಸಿದ್ರಲ್ರಿ ಅಕ್ಕೋರ."

ಮರುದಿನ ಪುನರ್ವಸತಿ ಊರಿನಲ್ಲಿ ನಿಂಬೆವ್ವನ ಮನೆ ಹುಡುಕಿಕೊಂಡು ಹೋದೆ. ಅವಳು ಮೊದಲು ತಂಬಿಗೆಯಲ್ಲಿ ನೀರು ತಂದಿಟ್ಟಳು. ನೀರು ಮುಟ್ಟದೆ ಹೇಳಿದೆ — ಅಕ್ಷರ ಇದ್ದವು, ನನಗೆ ಗೊತ್ತಿತ್ತು, ಗುಂಡಿಗೆ ಹಾಕಿಸಿದವಳು ನಾನೇ. ಅವಳು ಬೈಯಲಿಲ್ಲ, ಅಳಲಿಲ್ಲ.

"ನಮ್ಮ ಮನಿಯವರು ಹೇಳಾಕತ್ತಿದ್ರು. ನೀವು ಸೀಟಿ ಊದಿದ್ರಿ," ಎಂದಳು.

ಅವತ್ತು ಗಂಡ ಹೆಂಡತಿ ಜಾಗದ ಗುರುತಿಗೆ ಒಂದು ಜಾಲಿಯ ಗೂಟ ನೆಟ್ಟು ಹೋಗಿದ್ದರಂತೆ. ಶಿಬಿರ ಮುಗಿದ ಮೇಲೆ ಕಲ್ಲು ಒಯ್ಯಲು ಬಂದರೆ ನಮ್ಮ ಬಯಲಲ್ಲಿ ಏನೂ ಉಳಿದಿರಲಿಲ್ಲ. ಮಳೆಗಾಲಕ್ಕೆ ಗೂಟವೂ ಹೋಯಿತು. ಗಂಡ ಮತ್ತೆರಡು ಬೇಸಿಗೆ ಹುಡುಕಿ ತೀರಿಕೊಂಡ.

ನಾನು ನನ್ನ ನಕಾಶೆಯ ಪುಸ್ತಕ ತೆಗೆದು ಅವಳ ಮುಂದೆ ಇಟ್ಟೆ. ಅಲ್ಲಿ ನನ್ನದೇ ದುಂಡು ಬರವಣಿಗೆಯಲ್ಲಿತ್ತು: ಧ್ವಜದ ಕಲ್ಲು ತಂದ ಜಾಗ — ಬಾವಿಯ ಕಟ್ಟೆಯಿಂದ ಪಶ್ಚಿಮಕ್ಕೆ ಅರವತ್ತಮೂರು ಹೆಜ್ಜೆ, ಅಲ್ಲಿಂದ ದಕ್ಷಿಣಕ್ಕೆ ಹದಿನೆಂಟು. ಹನ್ನೊಂದು ವರ್ಷ ಇದು ನನ್ನ ಟ್ರಂಕಿನಲ್ಲಿತ್ತು. ಆ ತಾಯಿ ಕೆಸರಿನಲ್ಲಿ ಅಲೆಯುತ್ತಿದ್ದಳು.

ಶಹನಾಜಳ ವಾರದ ರಜೆಯ ದಿನ ಮೂವರೂ ಬೆಳಗಿನಲ್ಲೇ ಹೋದೆವು. ಅದೇ ನಕಾಶೆ ಹಿಡಿದು, ಮೊದಲು ಮೇಲಿನ ದಂಡೆಯ ಗುಂಡಿ. ಸಲಿಕೆ ಹಿಡಿದು ನಾನೂ ಅಗೆದೆ, ಶಹನಾಜಳೂ ಅಗೆದಳು. ಎರಡಡಿಗೆ ಸಲಿಕೆ ಠಣ್ಣೆಂದಿತು. ಕಲ್ಲಿನ ಜೊತೆಗೆ ಇದ್ದಿಲ ಚೂರು, ನಮ್ಮ ಶಾಲೆಯ ಹೆಸರಿದ್ದ ಒಂದು ಒಡೆದ ಪ್ಲಾಸ್ಟಿಕ್ ಲೋಟ. ಗುರುತು ಉಳಿಯಬಾರದು ಅಂದಿದ್ದೆನಲ್ಲ — ಉಳಿದಿತ್ತು.

ಆಮೇಲೆ ಬಾವಿ. ಶಹನಾಜ್ ಚಪ್ಪಲಿ ಕಳಚಿಟ್ಟು ನಿಂತಳು. ಹದಿನಾಲ್ಕರ ಹುಡುಗಿ ಈಗ ಇಪ್ಪತ್ತೈದರ ಹೆಂಗಸು; ಆದರೆ ಹೆಜ್ಜೆ ಅದೇ, ಎರಡೂವರೆ ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅರವತ್ತಮೂರು. ತಿರುಗಿ ಹದಿನೆಂಟು. ನಿಂತಲ್ಲೇ ಕಾಲಿನಿಂದ ಮಣ್ಣು ಕೆದಕಿದಳು. ಒಂದು ಮೊಳದಾಚೆ ಕಲ್ಲು ಜೋಡಿಸಿದ ಸಣ್ಣ ಚೌಕದ ಅಂಚು ಕಾಣಿಸಿತು. ನಿಂಬೆವ್ವ ಅಲ್ಲೇ ಕೂತುಬಿಟ್ಟಳು. ಆ ಕ್ಷಣದಲ್ಲೂ ನನಗೆ ಹೆಮ್ಮೆಯೇ ಆಯಿತು — ನನ್ನ ನಕಾಶೆ, ನನ್ನ ಹುಡುಗಿಯ ಹೆಜ್ಜೆ. ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ. ಹೆಮ್ಮೆ ಇತ್ತು, ಅದರ ಕೆಳಗೇ ನಾಚಿಕೆಯೂ ಇತ್ತು.

ಹಗ್ಗ ಬಿಗಿದು ಕಲ್ಲನ್ನು ಇಳಿಜಾರಿಗೆ ಎಳೆದು ತಂದು ಇಟ್ಟೆವು. ಈ ಸಲ ಅಕ್ಷರದ ಮೈ ಮೇಲೆ. ಬಾಟಲಿಯ ನೀರು ಹಾಕಿ ನನ್ನ ಸೆರಗಿನಿಂದಲೇ ಒರೆಸಿದೆ. ನಿಂಬೆವ್ವ ಡಬ್ಬಿ ಬಿಚ್ಚಿ ಮಾದಲಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಓದ್ರಿ," ಎಂದಳು. "ನನಗ ಓದಾಕ ಬರೂದಿಲ್ಲ. ಬ್ಯಾಸಗಿಗೊಮ್ಮಿ ಅವರು ಓದಿ ಹೇಳ್ತಿದ್ರು."

ಓದಲು ಬಾರದವಳ ಮುಂದೆ ನಿಂತು ನಾನು ಕೇಳಿದ್ದೆ, ಹೆಸರು ಬರೆದಿದೆಯೇ ಎಂದು.

ಓದಿದೆ. ಕಸ್ತೂರಿ. ಮೂರನೇ ಇಯತ್ತೆ. ಅಷ್ಟೇ ಇತ್ತು — ಒಂದು ಹೆಸರು, ಓದುತ್ತಿದ್ದ ತರಗತಿ. ಅವಳು ಕಣ್ಣು ಮುಚ್ಚಿಕೊಂಡು, "ಇನ್ನೊಮ್ಮಿ," ಎಂದಳು. ಮತ್ತೆ ಓದಿದೆ.

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳುವಾಗ ಮಾತ್ರ ಹೇಳಿದಳು, "ವರ್ಷಕ್ಕೊಮ್ಮಿ ಬರ್ರಿ. ಓದಾವ್ರು ಯಾರೂ ಇಲ್ಲ."

ಇದನ್ನು ಬರೆಯುವಾಗ ಆ ಜಾಗದ ಮೇಲೆ ಎರಡಾಳು ನೀರಿದೆ. ಸೀಟಿಯನ್ನು ಟ್ರಂಕಿಗೆ ಹಾಕಿದ್ದೇನೆ. ಆ ಭಾಷಣಕ್ಕೆ ಕರೆದರೆ ಹೋಗುವುದಿಲ್ಲ. ಹೆಸರು ನನಗೆ ಬಾಯಿಪಾಠವಾಗಿದೆ. ಆದರೂ ನೀರು ಇಳಿದ ಮೇಲೆ ಹೋಗಿ, ಕೆಸರು ಒರೆಸಿ, ನೋಡಿಯೇ ಓದುತ್ತೇನೆ.