ಸಮುದ್ರದ ಕಡೆಯ ಸೀಟು

ಸಿಡ್ನಿಯ ಎಪ್ಪಿಂಗಿನಲ್ಲಿ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇದೆ. ಇಟಲಿಯ ಅಮಾಲ್ಫಿ ಕರಾವಳಿಯದು. ಕಡಿದಾದ ಬೆಟ್ಟದ ಮೈಗೆ ಅಂಟಿಕೊಂಡು ಸುತ್ತಿ ಸುತ್ತಿ ಹೋಗುವ ರಸ್ತೆ, ಅದರ ಪಕ್ಕದಲ್ಲೇ ಪ್ರಪಾತ, ಕೆಳಗೆ ನೀಲಿ ನೀರು. ರಿಸೆಪ್ಷನ್ನಿನಲ್ಲಿ ಕೂತು ವರ್ಷಗಟ್ಟಲೆ ಅದನ್ನೇ ನೋಡಿದ್ದೇನೆ. ಹಲ್ಲುನೋವಿನವರ ನರಳಾಟ ಕೇಳುತ್ತ ಕೇಳುತ್ತ, ಒಂದು ಸಲವಾದರೂ ಆ ರಸ್ತೆಯಲ್ಲಿ ಹೋಗಲೇಬೇಕೆಂಬ ಹಟ ನನ್ನಲ್ಲಿ ಬಲಿಯಿತು.

ಹಾಗಾಗಿ ಸಿಡ್ನಿ, ಮೆಲ್ಬರ್ನಿನ ಕನ್ನಡದವರು ಕೆಲವರು ಸೇರಿ ಅಲ್ಲಿಗೆ ಗ್ರೂಪ್ ಟೂರ್ ಹೊರಟಾಗ ಮೊದಲು ಹೆಸರು ಕೊಟ್ಟವಳು ನಾನೇ. ಜಗಳವಾಗದಿರಲಿ ಎಂದು ಬಸ್ಸಿನ ಸೀಟುಗಳನ್ನು ದಿನವೂ ಸರದಿಯಂತೆ ಬದಲಿಸುತ್ತಿದ್ದರು. ರೋಮಿನಲ್ಲಿ ಹಿಂದಿನ ಸೀಟು ಬಂದಾಗ ನಾನು ತುಟಿ ಬಿಚ್ಚಲಿಲ್ಲ. ಕರಾವಳಿಯ ದಿನ ಬಲಗಡೆಯ ಸೀಟು, ಅಂದರೆ ಸಮುದ್ರದ ಕಡೆಯದು, ನಮ್ಮ ಪಾಲಿಗೆ ಬರುತ್ತದೆಂದು ಮೊದಲೇ ನೋಡಿಕೊಂಡಿದ್ದೆ. ದೊಡ್ಡ ಬಸ್ಸುಗಳು ಆ ರಸ್ತೆಯಲ್ಲಿ ಒಂದೇ ದಿಕ್ಕಿಗೆ ಹೋಗಬೇಕು. ವಾಪಸು ಬರುವುದು ಬೆಟ್ಟದಾಚೆಯ ಹೆದ್ದಾರಿಯಲ್ಲಿ. ಇದ್ದದ್ದು ಒಂದೇ ಅವಕಾಶ.

ಆ ಬೆಳಿಗ್ಗೆ ಟಿಶ್ಯೂ ತೆಗೆದು ಕಿಟಕಿಯ ಗಾಜು ಒರೆಸಿ ಕೂತಿದ್ದೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಆಂಟಿಯೊಬ್ಬರು, ಮನೆಯಿಂದ ತಂದ ಚಕ್ಕುಲಿಯನ್ನು ದಿನವೂ ಬಸ್ಸಿಗೆಲ್ಲ ಹಂಚುತ್ತಿದ್ದವರು, ನಮ್ಮ ಸೀಟಿನ ಹತ್ತಿರ ಬಂದು ನಿಂತರು.

"ನಂಗೆ ಹೊಟ್ಟೆ ತೊಳಸ್ತಿದೆ ಕಣಮ್ಮ. ಕಿಟಕಿ ಹತ್ರ ಕೂತ್ರೆ ಸರಿಹೋಗತ್ತೆ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನನ್ನ ಗಂಡ ಎದ್ದು ನಿಂತರು. "ಬನ್ನಿ ಆಂಟಿ, ಕೂತ್ಕೊಳ್ಳಿ. ಇವ್ಳು ಅಡ್ಜಸ್ಟ್ ಮಾಡ್ಕೋತಾಳೆ. ನಾನು ನಿಮ್ ಸೀಟಿಗೆ ಹೋಗ್ತೀನಿ."

ದಾನ ಮಾಡಿದ್ದು ನನ್ನ ಕಿಟಕಿ, ಪುಣ್ಯ ಮಾತ್ರ ಅವರಿಗೆ. ನಾನು ಈಚೆ ಸರಿದು ಕೂತೆ.

ಬಸ್ಸು ಮೊದಲ ತಿರುವು ತಿರುಗಿತು. ಆಂಟಿ ಕೆಳಗೆ ಇಣುಕಿ, "ಅಯ್ಯಪ್ಪ, ಬಿದ್ರೆ ಮೂಳೇನೂ ಸಿಗಲ್ಲ" ಎಂದವರೇ ಕಿಟಕಿಯ ಪರದೆ ಎಳೆದುಬಿಟ್ಟರು. ಅವರ ಒಂದು ಕೈಯಲ್ಲಿ ಪರದೆಯ ಅಂಚು, ಇನ್ನೊಂದರಲ್ಲಿ ನನ್ನ ಮಣಿಕಟ್ಟು. ಎಡಗಡೆಯ ಕಿಟಕಿಗಳಲ್ಲಿ ಬರೀ ಬಂಡೆ. ಹಿಂದೆ ಮುಂದೆ ಕೂತವರು "ಅಲ್ನೋಡ್ರೀ, ಅಲ್ನೋಡ್ರೀ" ಎನ್ನುತ್ತಿದ್ದರು. ನನ್ನ ಮೂಗಿನ ಮುಂದೆ ಕಂದು ಬಣ್ಣದ ಬಟ್ಟೆ ಅಲ್ಲಾಡುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಆದರೆ ವಯಸ್ಸಾದವರು, ಹೆದರಿ ನಡುಗುತ್ತಿದ್ದರು. ಏನೆಂದು ಹೇಳುವುದು? ಹಲ್ಲು ಕಚ್ಚಿಕೊಂಡು ಕೂತೆ.

ಅಮಾಲ್ಫಿಯಲ್ಲಿ ಇಳಿದಾಗ ಸಮುದ್ರವೇನೋ ಕಂಡಿತು. ದಡದಲ್ಲಿ ನಿಂತು ನೋಡುವ ಸಮುದ್ರ ಸಿಡ್ನಿಯಲ್ಲೂ ಇದೆ. ನನಗೆ ಬೇಕಾಗಿದ್ದದ್ದು ಆ ರಸ್ತೆಯ ಮೇಲಿನಿಂದ ಕಾಣುವುದು. ಮತ್ತೆ ಬಸ್ಸು ಹತ್ತಿದ ಮೇಲೂ ಆಂಟಿ ಪರದೆ ಬಿಡಲಿಲ್ಲ.

ಕೆಲವು ತಿಂಗಳ ನಂತರ ಟೂರಿನವರನ್ನೆಲ್ಲ ಆಂಟಿ ಗ್ಲೆನ್ ವೇವರ್ಲಿಯ ತಮ್ಮ ಮನೆಗೆ ಊಟಕ್ಕೆ ಕರೆದರು. ನಾವೂ ಸಿಡ್ನಿಯಿಂದ ಹೋದೆವು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತ ಆಂಟಿ ತಮ್ಮ ನೆಂಟರಿಗೆ ವರ್ಣಿಸುತ್ತಿದ್ದರು: "ಆ ಸಮುದ್ರ ಏನ್ ಕೇಳ್ತೀರಾ. ಇವ್ಳನ್ನೇ ಕೇಳಿ, ನನ್ ಪಕ್ಕಾನೇ ಇದ್ಲು."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಗಂಡ ಕಣ್ಣಲ್ಲೇ ಬೇಡವೆಂದರು.

"ನಾನು ನೋಡಿದ್ದು ಪರದೆ ಆಂಟಿ," ಎಂದೆ. "ಬ್ರೌನ್ ಕಲರ್."

ಆಂಟಿಯ ಮುಖ ಚಿಕ್ಕದಾಯಿತು. ತುಪ್ಪದ ಚಮಚ ಹಿಡಿದಂತೆಯೇ ನಿಂತರು. "ಒಂದ್ ಮಾತು ಹೇಳೋದಲ್ವೇನಮ್ಮ? ನಾನು ಕಣ್ಮುಚ್ಕೊಂಡು ಕೂರ್ತಿದ್ದೆ."

ಅಷ್ಟು ಸುಲಭವಿತ್ತು. ಅವರ ಮೇಲೆ ಇಷ್ಟು ದಿನ ಕಾಪಾಡಿಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ.

ಏರ್‌ಪೋರ್ಟಿಗೆ ಹೋಗುವಾಗ ಟ್ಯಾಕ್ಸಿಯಲ್ಲಿ ನನ್ನ ಗಂಡ ಕೇಳಿದರು: "ಹೌದಲ್ವಾ, ನೀನ್ಯಾಕೆ ಹೇಳ್ಲಿಲ್ಲ?"

ವಿಮಾನ ಹತ್ತಿದ ಕೂಡಲೇ ಅವರು ಯಾವಾಗಿನಂತೆ ಒಳಗೆ ನುಗ್ಗಿ ಕಿಟಕಿಯ ಪಕ್ಕ ಕೂತು ಬೆಲ್ಟ್ ಹಾಕಿಕೊಂಡರು. ನಾನು ನಿಂತೇ ಇದ್ದೆ.

"ಏಳಿ," ಎಂದೆ.

"ಯಾಕೆ, ಏನಾಯ್ತು?"

"ಅಡ್ಜಸ್ಟ್ ಮಾಡ್ಕೊಳ್ಳಿ."