ಬೀಜಕ್ಕೆ ಬಿಟ್ಟ ಗಿಡ

ಚಾಮರಾಜಪೇಟೆಯ ನಮ್ಮ ಮನೆಯ ಹಿಂದೆ ಒಂದು ಗಲ್ಲಿ ಇದೆ. ಎರಡು ಬೀದಿಗಳ ಮನೆಗಳು ಅದಕ್ಕೆ ಬೆನ್ನು ಹಾಕಿ ನಿಂತಿವೆ. ಹೋದ ವರ್ಷದವರೆಗೂ ಅದು ಮಣ್ಣಿನ ನೆಲ, ನನ್ನ ಅತ್ತೆಯ ತೋಟ. ಅತ್ತೆಯ ತವರಿನವರು ಸೊಪ್ಪು ಬೆಳೆದು ಮಾರುತ್ತಿದ್ದವರು. ಅವರ ತೋಟದ ಮೇಲೆ ಬಡಾವಣೆ ಎದ್ದು ಎಷ್ಟೋ ಕಾಲವಾಯಿತು.

ಗಲ್ಲಿಯಲ್ಲಿ ಮೊದಲು ಯಾರೂ ಬಿತ್ತದೆ ಹುಟ್ಟಿಕೊಂಡಿದ್ದ ಅಣ್ಣೆ, ಗಣಿಕೆ, ಹೊನಗೊನ್ನೆ, ನೆಲನೆಲ್ಲಿಗಳನ್ನು ಅತ್ತೆ ಸಾಕಿದರು ಎಂದರೆ ಜನ ನಗುತ್ತಾರೆ. ಕಾಡುಗಿಡವನ್ನು ಯಾರಾದರೂ ಸಾಕುತ್ತಾರೆಯೇ? ಸಾಕುತ್ತಾರೆ. ಕುಡಿ ಮಾತ್ರ ಚಿವುಟಬೇಕು, ಬೇರು ಕೀಳಬಾರದು. ಹೊತ್ತು ಮುಳುಗಿದ ಮೇಲೆ ಮುಟ್ಟಬಾರದು. ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಗಿಡವನ್ನೇ ಬೀಜಕ್ಕೆ ಬಿಡಬೇಕು. ಆ ಬೀಜವನ್ನು ಅತ್ತೆ ಮೊದಲ ಮಳೆ ಬಿದ್ದ ಮರುದಿನ ಗಲ್ಲಿಯುದ್ದಕ್ಕೂ ಚೆಲ್ಲುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಮಸ್ಸೊಪ್ಪಿಗೆಂದು ಬೀಜಕ್ಕೆ ಬಿಟ್ಟ ಗಿಡಕ್ಕೆ ಕೈ ಹಾಕಿದಾಗ, "ಬಿತ್ತನೆ ತಿನ್ನೋ ಮನೆ ಉದ್ಧಾರ ಆಗಲ್ಲ" ಎಂದು ಗದರಿಸಿದ್ದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪಕ್ಕದವರ ಹಿತ್ತಲಾದರೆ ಮದ್ದೇ. ಹಿಂದಿನ ಮನೆಯಾಕೆ ಬೇಕಾದಾಗಲೆಲ್ಲ ತಟ್ಟೆ ಹಿಡಿದು ಬರುತ್ತಿದ್ದರು. ಮಗನಿಗೆ ಕಾಮಾಲೆ, ನೆಲನೆಲ್ಲಿ ಕೊಡಿ. ಗಂಡನಿಗೆ ಕಣ್ಣುರಿ, ಹೊನಗೊನ್ನೆ ಕೊಡಿ. ಮನೆಗೆ ಹೊಸ ಕಾರು ಬಂದದ್ದೇ ತಡ, ಅದೇ ಬಾಯಿ "ಕಳೆ ಬೆಳೆದು ಸೊಳ್ಳೆ ಜಾಸ್ತಿ ಆಗಿದೆ" ಎಂದಿತು. ಗಲ್ಲಿಯವರನ್ನೆಲ್ಲ ಒಟ್ಟು ಮಾಡಿ ಮೊದಲು ವಿಷ ಹೊಡೆಸಿದರು, ಆಮೇಲೆ ಸಿಮೆಂಟು ಹಾಕಿಸಿದರು. ಈಗ ಅಲ್ಲಿ ಆ ಕಾರು ನಿಲ್ಲುತ್ತದೆ.

ಅತ್ತೆ ಜಗಳವಾಡಲಿಲ್ಲ. ನಾನು ಆಡಿದೆ.

"ಅದಕ್ಯಾಕ್ರೀ ಇಷ್ಟ್ ಬೇಜಾರು? ಮಾರ್ಕೆಟ್ಟಲ್ಲಿ ಎಲ್ಲಾ ಸೊಪ್ಪೂ ಸಿಗತ್ತೆ" ಎಂದು ಆಕೆ ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲವು ತಿಂಗಳ ನಂತರ ನಮ್ಮ ಬಚ್ಚಲ ಗೋಡೆಯ ಬುಡದಲ್ಲಿ, ಸಿಮೆಂಟಿನ ಬಿರುಕಿನಿಂದ ಒಂದೇ ಒಂದು ಗಣಿಕೆ ಗಿಡ ಎದ್ದಿತು. ಅತ್ತೆ ಅದಕ್ಕೆ ಕಡ್ಡಿ ಕೊಟ್ಟು ದಾರ ಕಟ್ಟಿದರು. ಹೂ ಬಿಟ್ಟಿತು, ಕಾಯಿ ಕಚ್ಚಿತು. ಬೀಜಕ್ಕೆ ಬಿಟ್ಟ ಗಿಡವೆಂದು ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ. ಕಾಯಿ ಹಣ್ಣಾಗಿ ಕಪ್ಪಾಗುವುದೊಂದು ಬಾಕಿ ಇತ್ತು.

ಆಗ ಬಂದರು ಹಿಂದಿನ ಮನೆಯಾಕೆ. "ಅಮ್ಮಾ, ಮೊಮ್ಮಗನ ಬಾಯೆಲ್ಲಾ ಹುಣ್ಣು. ಏನೂ ನುಂಗ್ತಿಲ್ಲ. ಗಣಿಕೆ ಸೊಪ್ಪು ಎಲ್ಲೂ ಸಿಗ್ಲಿಲ್ಲ, ಒಂದ್ ಹಿಡಿ ಇದ್ರೆ ಕೊಡಿ."

ಮಾರ್ಕೆಟ್ಟಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಬಗ್ಗಿ, ಗಿಡವನ್ನು ಬೇರುಸಹಿತ ಕಿತ್ತು ಆಕೆಯ ಕೈಗಿಟ್ಟರು. "ಎಲೆ ಮಾತ್ರ ಚೆನ್ನಾಗ್ ಬೇಯಿಸಿ, ತುಪ್ಪ ಹಾಕಿ ಕೊಡಿ. ಹಸಿರು ಕಾಯಿ ಹಾಕ್ಬೇಡಿ" ಎಂದರು.

ಆಕೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಮಗೂಗೆ ನಾಲ್ಕು ಕುಡಿ ಚಿವುಟಿ ಕೊಟ್ಟಿದ್ರೆ ಸಾಕಿತ್ತಲ್ಲ ಅತ್ತೆ! ಬೀಜಕ್ಕೆ ಬಿಟ್ಟಿದ್ ಗಿಡ, ಬೇರ್ ಸಮೇತ ಯಾಕ್ ಕಿತ್ರಿ? ಇಷ್ಟು ಒಳ್ಳೇತನ ಒಳ್ಳೇದಲ್ಲ."

ಅತ್ತೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು.

"ಒಳ್ಳೇತನ ಎಲ್ಲಿಂದ ಬಂತು? ಬೀಜ ಇಟ್ಕೊಂಡು ಎಲ್ಲಿ ಚೆಲ್ಲಲಿ, ಹೇಳು. ಅವಳ ಕಾರಿನ್ ಮೇಲಾ?"