ಸಮುದ್ರ ಮನೆಯಲ್ಲಿರಲಿಲ್ಲ

ಬಾಣಂತಿ ಕೋಣೆಯಿಂದ ಅಜವಾನದ ಹೊಗೆ ಬರುತ್ತಿದೆ. ಸೊಸೆ ಹಡೆದು ಇಪ್ಪತ್ತು ದಿನವಾಯಿತು, ಗಂಡು ಕೂಸು. ಬರೆಯಲು ಕೂತವಳು ಆಗಲೇ ಮೂರು ಸಲ ಎದ್ದು ಹೋಗಿ ಅದರ ಮುಖ ನೋಡಿ ಬಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ ಇವು. ಸೊಟ್ಟಗಿದ್ದರೆ ಕೂಸಿನ ಕಡೆ ನೋಡುತ್ತ ಬರೆದದ್ದು ಎಂದುಕೊಳ್ಳಿ. ಇರುವುದು ವಿಜಾಪುರದಲ್ಲಿ, ಆದರೆ ಈ ಹೊಗೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಕ್ರೋಯ್ಡನ್.

ಎಂಟು ವರ್ಷದ ಹಿಂದೆ ಮಗಳು ಸುನಂದಾಳ ಬಾಣಂತನಕ್ಕೆ ಲಂಡನ್ನಿನ ಕ್ರೋಯ್ಡನ್ನಿಗೆ ಹೋಗಿದ್ದೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮೊಮ್ಮಗಳು. ನೆಲದ ಮೇಲೆ ನನ್ನ ಕಾಲೇ ನಿಲ್ಲುತ್ತಿರಲಿಲ್ಲ.

ಅಳಿಯ ಬೆಂಗಳೂರಿನವನು. ಅವನಿಗೆ ನನಗೆ ಊರು ತೋರಿಸುವ ಹುರುಪು. ಭಾನುವಾರ ಬಂದರೆ ಒಂದು ಅರಮನೆ, ಒಂದು ಗಡಿಯಾರ, ಒಂದು ಸೇತುವೆ. ರೈಲಿನಲ್ಲಿ ಒಂದು ತಾಸು ಕೂತು ಇಳಿದು, "ಇದು ಯಾವ ಊರಪಾ?" ಎಂದರೆ, "ಲಂಡನ್ನೇ ಅತ್ತೆ" ಎನ್ನುತ್ತಿದ್ದ. ಮತ್ತೊಂದು ತಾಸು ಕೂತರೆ ಅದೂ ಲಂಡನ್ನೇ. ಊರು ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯಲಿಲ್ಲ. ಹೊತ್ತಂತೂ ರಾತ್ರಿ ಒಂಬತ್ತಾದರೂ ಮುಳುಗುತ್ತಿರಲಿಲ್ಲ. ದೀಪ ಹಚ್ಚುವ ಸಮಯ ಯಾವುದೆಂದು ಗೊತ್ತಾಗದೆ ಹೊಸೆದ ಬತ್ತಿ ಹಿಡಿದುಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದೆ.

ನನ್ನ ಚಿಂತೆ ಬೇರೆಯೇ ಇತ್ತು. ನಮ್ಮ ಕಡೆ ಬಾಣಂತಿ ಬಾವಿಗೆ ಹೋಗಿ, ಐದು ಹರಳುಕಲ್ಲು ಇಟ್ಟು, ಗಂಗವ್ವನಿಗೆ ಉಡಿ ತುಂಬಿ, ಒಂದು ಕೊಡ ನೀರು ಹೊತ್ತು ತರಬೇಕು. ಅಲ್ಲಿಯವರೆಗೆ ಕೂಸು ನೆಂಟರ ಹಾಗೆ, ಇನ್ನೂ ಮನೆಯದಾಗಿಲ್ಲ ಎನ್ನುತ್ತಿದ್ದಳು ನಮ್ಮವ್ವ. ಒಂಬತ್ತು ವರ್ಷ ಕಾದ ಕೂಸನ್ನು ನೆಂಟರಂತೆ ಬಿಟ್ಟು ನಾನು ವಿಮಾನ ಹತ್ತಲೇ? ಮಂಗಳವಾರ ನನ್ನ ಟಿಕೆಟ್ಟು.

"ಇಲ್ಲಿ ಬಾವಿ ಎಲ್ಲಿ ಅದ?" ಎಂದು ಕೇಳಿದೆ.

"ಬಾವಿ ಇಲ್ಲಬೇ. ನಳಕ್ಕ ಮಾಡೋಣು," ಅಂದಳು ಸುನಂದಾ.

"ನಳ ಅಂದ್ರ ಗಂಗವ್ವ ಆಗ್ತದೇನು? ಅದು ಕೊಳವಿ."

ನಡುವೆ ಅಳಿಯ ಬಾಯಿ ಹಾಕಿದ. "ಸಮುದ್ರ ನಡೆಯುತ್ತಾ ಅತ್ತೆ? ಸೌತೆಂಡ್ ಅಂತ ಇದೆ. ನಿಮಗೂ ಒಂದು ಟ್ರಿಪ್ ಆಗುತ್ತೆ."

ನದಿಗಳೆಲ್ಲ ಹೋಗಿ ಸೇರುವ ಜಾಗ, ಬೇಡವೆನ್ನಲು ನಾನ್ಯಾರು? ಅಲ್ಲಿಯವರೆಗೆ ನಾನು ಸಮುದ್ರ ಕಂಡವಳೂ ಅಲ್ಲ. ಭಾನುವಾರ ಅಕ್ಕಿ, ಒಣಕೊಬ್ಬರಿ, ಅರಿಷಿಣ, ಕುಂಕುಮ ಕಟ್ಟಿಕೊಂಡು, ಸುನಂದಾಳ ಕಿವಿಗೆ ಬಟ್ಟೆ ಸುತ್ತಿ, ಕೂಸನ್ನು ಎತ್ತಿಕೊಂಡು ಹೊರಟೆವು.

ಹೋಗಿ ನೋಡಿದರೆ ಅಲ್ಲಿ ಸಮುದ್ರ ಇರಲಿಲ್ಲ.

ದಂಡೆ ಇತ್ತು. ಚಿಪ್ಸಿನ ಅಂಗಡಿ ಇತ್ತು. ಮೈಲುದ್ದದ ಸೇತುವೆ ಇತ್ತು. ಅದರ ಕೆಳಗೆ ಕಣ್ಣು ಹರಿಯುವ ತನಕ ಕೆಸರು, ಕೆಸರಿನಲ್ಲಿ ಎಮ್ಮೆಗಳಂತೆ ಅಡ್ಡಬಿದ್ದ ದೋಣಿಗಳು.

"ನೀ ಬ್ಯಾರೆ ಊರಿಗೆ ಕರ್ಕೊಂಡು ಬಂದಿ," ಅಂದೆ.

"ಇದೇ ಊರು ಅತ್ತೆ. ನೀರು ಹಿಂದೆ ಹೋಗಿದೆ, ಸಾಯಂಕಾಲ ಬರುತ್ತೆ."

"ಎಲ್ಲಿಗಿ ಹೋಗೇದ?"

ಅವನು ಚಂದ್ರ, ಸೆಳೆತ ಅಂತ ಏನೇನೋ ಹೇಳಿದ. ಹಾಡುಹಗಲಲ್ಲಿ ಚಂದ್ರನ ಮಾತು ಯಾಕೆ ಬಂತೋ ನನಗೆ ಅರ್ಥವಾಗಲಿಲ್ಲ. "ಪೂಜಾ ಅದ ಅಂತ ಮುಂಚೆ ಹೇಳಿ ಕಳಸಬೇಕಿತ್ತು," ಎಂದೆ. ಅವನು ನಗು ನುಂಗಿಕೊಂಡ.

ಬೆಂಚಿನ ಮೇಲೆ ಉಡಿ ಹಿಡಿದು ಕೂತೆ. ಒಂದು ತಾಸು, ಎರಡು ತಾಸು. ಗಾಳಿ ಚುಚ್ಚುತ್ತಿತ್ತು. ದೂರದಲ್ಲಿ ಬೆಳ್ಳಗೆ ಏನೋ ಮಿಂಚಿದರೆ ಬಂತು ಬಂತು ಎಂದು ಎದ್ದು ನಿಲ್ಲುವುದು, ಮತ್ತೆ ಕೂರುವುದು. ಸುನಂದಾ ಕಾಲಲ್ಲಿ ಹರಳು ತಳ್ಳುತ್ತಿದ್ದವಳು ಕೊನೆಗೆ ನನ್ನ ಹತ್ತಿರ ಬಂದಳು.

"ಅವ್ವಾ, ಕೂಸಿನ ಕಿವಿ ತಣ್ಣಗಾಗ್ಯಾವ. ನಡಿ."

"ಇನ್ನೊಂದು ತಾಸು ನೋಡೋಣು."

"ನಿನಗ ಗಂಗವ್ವ ಬೇಕೋ, ಕೂಸು ಬೇಕೋ?"

ಕೂಸಿನ ಕಿವಿ ಮುಟ್ಟಿ ನೋಡಿದೆ. ತೊಳೆದಿಟ್ಟ ತಾಟಿನ ಹಾಗಿತ್ತು. ಉಡಿಯ ಗಂಟು ಬಿಗಿದು ಎದ್ದೆ. ರೈಲು ಹತ್ತಿದೆವು. ಕೂಸು ಬೆಚ್ಚಗೆ ಮಲಗಿತ್ತು. ಗೆದ್ದವರು ಯಾರು, ಸೋತವರು ಯಾರು, ನನಗೆ ಏನೂ ತಿಳಿಯದು.

ಮನೆಗೆ ಬಂದದ್ದೇ ಸುನಂದಾ ಕೂಸನ್ನು ನನ್ನ ತೊಡೆಗೆ ಹಾಕಿ, ಉಡಿಯ ಗಂಟು ಇಸಿದುಕೊಂಡು ಅಡುಗೆಮನೆಗೆ ಹೋದಳು. ಕೋಟಿನ ಕಿಸೆಯಿಂದ ಐದು ಹರಳು ತೆಗೆದಳು. ಆ ದಂಡೆಯಲ್ಲಿ ಯಾವಾಗ ಆರಿಸಿದ್ದಳೋ. ನಳದ ಬುಡದಲ್ಲಿ ಅವನ್ನು ಸಾಲಾಗಿ ಇಟ್ಟು ಅರಿಷಿಣ ಹಚ್ಚಿ ಉಡಿ ತುಂಬಿದಳು.

"ಬಾರಬೇ. ಹಾಡು ನನಗ ಬರೂದಿಲ್ಲ."

ಹಾಡಿದೆ. ಅವಳು ಸ್ಟೀಲಿನ ಬಿಂದಿಗೆ ತುಂಬಿ ಸೊಂಟಕ್ಕಿಟ್ಟುಕೊಂಡು, "ಬಾಣಂತಿ ನೀರು ತರ್ತಾಳ, ದಾರಿ ಬಿಡ್ರಿ," ಎಂದಳು. ಅಳಿಯ ಗಂಭೀರವಾಗಿ ಬಾಗಿಲಿನಿಂದ ಸರಿದು ನಿಂತ. ಅಡುಗೆಮನೆಯಿಂದ ಪಡಸಾಲೆಗೆ ಆರೇ ಹೆಜ್ಜೆ.

ಊರಿಗೆ ಬಂದಾಗ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳಿದರು. ಭಾಳ ದೊಡ್ಡದು ಎಂದುಬಿಟ್ಟೆ. ಗಂಗವ್ವ ಆ ಉಡಿಯನ್ನು ಒಪ್ಪಿದಳೋ ಇಲ್ಲವೋ ಎಂಬ ಗೊಂದಲ ಮಾತ್ರ ಇಷ್ಟು ವರ್ಷ ಹೋಗಿರಲಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಗುರವ್ವ ಬಂದಿದ್ದಳು. ಓಣಿಯ ಬಾವಿ ಮುಚ್ಚಿ ಎಷ್ಟೋ ಕಾಲವಾಯಿತು. ಊರ ಹೊರಗಿನ ತೋಟದ ಬಾವಿಗೆ ಆಟೋ ಮಾಡಿಕೊಂಡು ಬಾಣಂತಿಯನ್ನು ಕರೆದೊಯ್ಯಬೇಕು ಎಂದಳು.

"ಬ್ಯಾಡ," ಎಂದೆ. "ಕೂಸಿಗೆ ಬಿಸಲ ಬಡೀತದ. ನಳಕ್ಕ ಮಾಡ್ತೀವಿ." ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

"ಲಂಡನ್ನಿಗೆ ಹೋಗಿ ಇದನ್ನ ಕಲ್ತು ಬಂದಿ ಏನು?"

"ಹೂಂ. ಇದೊಂದ ಕಲ್ತು ಬಂದೀನಿ."

ನಮ್ಮ ನಳಕ್ಕೆ ನೀರು ನಾಲ್ಕು ದಿನಕ್ಕೊಮ್ಮೆ. ನಾಳೆ ಬರಬಹುದು, ನಾಡಿದ್ದು ಬರಬಹುದು. ಉಡಿ ಕಟ್ಟಿಟ್ಟಿದ್ದೇನೆ. ಬರುವ ತನಕ ಒಳಗೆ, ನೆರಳಿನಲ್ಲಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತೇನೆ.